ಬೇಸಿಗೆ ಶಿಬಿರದಿಂದ ಮಕ್ಕಳಿಗೆ ಸಿಗುವುದೇನು, ಸಿಗದೇ ಇರುವುದು ಯಾರಿಗೆ?

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಮೇ ಕೊನೆಗೆ. ಹೆಚ್ಚುಕಮ್ಮಿ ಏಳು ವಾರ. ದಸರಾ ರಜೆಯೂ ಸೇರಿದರೆ ವರ್ಷಕ್ಕೆ ಎರಡು ತಿಂಗಳು ದಾಟುತ್ತದೆ. ಮಾರ್ಚ್ ಮುಗಿಯುವ ಹೊತ್ತಿಗೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರದ ಪೇಟೆಗಳಲ್ಲಿ ಬ್ಯಾನರ್ ಕಟ್ಟಿರುತ್ತಾರೆ: ಚಿತ್ರಕಲೆ, ಕರಾಟೆ, ಅಬಾಕಸ್, ಯೋಗ, ಡ್ಯಾನ್ಸ್, ಕೈಬರಹ, ಎಲ್ಲಾ ಹದಿನೈದೇ ದಿನದಲ್ಲಿ. ಪಾಲಕರಿಗೆ ಗೊಂದಲ. ಇದಕ್ಕೆ ದುಡ್ಡು ಕೊಡಬೇಕಾ? ಇಲ್ಲಾ ಮಕ್ಕಳು ಸುಮ್ನೆ ಆಡಿಕೊಂಡಿರಲಿ ಅಂತ ಬಿಡಬೇಕಾ?

ಶಿಬಿರದಿಂದ ಉಪಯೋಗ ಇದೆ. ಆದರೆ ಬ್ಯಾನರ್ ಮೇಲೆ ಬರೆದಿರುವುದಕ್ಕೂ ಆ ಉಪಯೋಗಕ್ಕೂ ಸಂಬಂಧ ಕಡಿಮೆ. ಮತ್ತೆ, ಅದರಿಂದ ಜಾಸ್ತಿ ಲಾಭ ಆಗಬೇಕಾದ ಮಕ್ಕಳ ಮನೆಯ ತನಕ ಆ ಬ್ಯಾನರ್ ಹೋಗುವುದೇ ಇಲ್ಲ. ಇವೆರಡನ್ನು ಸ್ವಲ್ಪ ಬಿಡಿಸಿ ನೋಡೋಣ.

ರಜೆಯಲ್ಲಿ ಮರೆತುಹೋಗುತ್ತದಾ?

ಶಿಬಿರದವರು ಹೇಳುವ ಮೊದಲ ಮಾತು, ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಅಂತ. ಈ ಮಾತು ಬಂದದ್ದು ಅಮೆರಿಕದಿಂದ. ಅಲ್ಲಿ ಬೇಸಿಗೆ ರಜೆ ಹತ್ತು ಹನ್ನೆರಡು ವಾರ. 1996ರಲ್ಲಿ ಹ್ಯಾರಿಸ್ ಕೂಪರ್ ಎಂಬ ಸಂಶೋಧಕ ಮತ್ತು ಜೊತೆಗಾರರು ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರಜೆ ಮುಗಿಸಿ ಬಂದ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿದ್ದರು. ಗಣಿತದಲ್ಲಿ ಜಾಸ್ತಿ, ಓದಿನಲ್ಲಿ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಓದು ಮನೆಯಲ್ಲೂ ಅಷ್ಟಿಷ್ಟು ನಡೆಯುತ್ತದೆ. ಭಾಗಾಕಾರ ಯಾರ ಮನೆಯಲ್ಲಿ ನಡೆಯುತ್ತದೆ ಹೇಳಿ?

ಬಾಲ್ಟಿಮೋರ್ ನಗರದಲ್ಲಿ ಇನ್ನೊಂದು ಕೆಲಸ ನಡೆಯಿತು. 1982ರಲ್ಲಿ ಒಂದನೇ ತರಗತಿಗೆ ಸೇರಿದ ಸುಮಾರು ಎಂಟು ನೂರು ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಕಲಿಯುತ್ತಿದ್ದರು. ರಜೆಯಲ್ಲಿ ಉಳ್ಳವರ ಮಕ್ಕಳು ಇನ್ನಷ್ಟು ಮುಂದೆ ಹೋಗುತ್ತಿದ್ದರು, ಬಡ ಮಕ್ಕಳು ನಿಂತಲ್ಲೇ ನಿಲ್ಲುತ್ತಿದ್ದರು. ಮಕ್ಕಳ ನಡುವಿನ ಅಂತರವನ್ನು ಬೆಳೆಸುತ್ತಿದ್ದದ್ದು ಶಾಲೆಗಿಂತ ರಜೆ ಅನ್ನುವುದು ಅವರ ತೀರ್ಮಾನ. ಮುಂದೆ ಪಾಲ್ ವಾನ್ ಹಿಪೆಲ್ ಥರದ ಸಂಶೋಧಕರು ತಕರಾರು ತೆಗೆದರು. ಹಳೆಯ ಪರೀಕ್ಷೆಗಳ ಅಂಕ ಎಣಿಸುವ ಕ್ರಮದಲ್ಲೇ ತೊಡಕಿದೆ, ಹೊಸ ಪರೀಕ್ಷೆಗಳಲ್ಲಿ ಆ ಅಂತರ ಅಷ್ಟು ಬೆಳೆಯುವುದು ಕಾಣುವುದಿಲ್ಲ ಎಂದರು. ವಾದ ಇನ್ನೂ ಮುಗಿದಿಲ್ಲ.

ಆದ್ದರಿಂದ "ನಿಮ್ಮ ಮಗ ಎಲ್ಲಾ ಮರೆತುಬಿಡ್ತಾನೆ ಸರ್" ಅಂತ ಹೆದರಿಸಿ ಫೀ ಕಟ್ಟಿಸಿಕೊಳ್ಳುವವರ ಮಾತಿಗೆ ಬೆಚ್ಚಿಬೀಳಬೇಕಿಲ್ಲ. ನಮ್ಮ ರಜೆ ಅವರಿಗಿಂತ ಚಿಕ್ಕದು. ಮರೆತದ್ದನ್ನು ಜೂನ್ ತಿಂಗಳಲ್ಲಿ ಮಾಸ್ತರರು ಒಮ್ಮೆ ತಿರುವಿಹಾಕಿಸುತ್ತಾರೆ. ಬಾಲ್ಟಿಮೋರ್‌ನವರು ಕೇಳಿದ ಪ್ರಶ್ನೆಯನ್ನು ಮಾತ್ರ ನಾವು ಬಿಡಬಾರದು. ರಜೆಯಲ್ಲಿ ಯಾವ ಮನೆಯ ಮಗು ಏನು ಮಾಡುತ್ತಿರುತ್ತದೆ?

ಅಜ್ಜನಮನೆ ಎಂಬ ಹಳೇ ಶಿಬಿರ

ಘಟ್ಟದ ಮೇಲಿನವರಿಗೆ ರಜೆ ಅಂದರೆ ಅಜ್ಜನಮನೆ. ಹತ್ತು ಹದಿನೈದು ಮಕ್ಕಳು, ನಾಲ್ಕು ವರ್ಷದವರಿಂದ ಹದಿನಾರರ ತನಕ. ಹಲಸಿನ ಹಪ್ಪಳ ಒಣಗಿಸುವಾಗ ಕಾಗೆ ಕಾಯುವ ಕೆಲಸ ಚಿಕ್ಕವರದ್ದು. ಗೇರುಬೀಜ ಹೆಕ್ಕುವುದು, ಮುರುಗಲು ಹಣ್ಣು ಕೊಯ್ದು ತರುವುದು ದೊಡ್ಡವರದ್ದು. ಹೊಳೆಯಲ್ಲಿ ಈಜು ಕಲಿಸಲು ಒಬ್ಬ ಮಾವ, ರಾತ್ರಿ ಕತೆಗೆ ಒಬ್ಬಳು ಅಜ್ಜಿ. ಯಾರೂ ಇದಕ್ಕೆ ಶಿಬಿರ ಅಂತ ಹೆಸರಿಡಲಿಲ್ಲ. ಒಳ್ಳೆಯ ಶಿಬಿರದಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿತ್ತು: ಬೇರೆ ಬೇರೆ ವಯಸ್ಸಿನ ಮಕ್ಕಳು, ನಿಜವಾದ ಕೆಲಸ, ಅಪ್ಪ-ಅಮ್ಮ ಅಲ್ಲದ ಹಿರಿಯರು, ಬೇಕಾದಷ್ಟು ಹೊತ್ತು.

ಈಗ ಅಜ್ಜನಮನೆ ಇದೆ, ಅಲ್ಲಿಗೆ ಬರುವ ಮಕ್ಕಳಿಲ್ಲ. ಮನೆಗೊಂದೋ ಎರಡೋ ಮಗು. ಮಾವ ಬೆಂಗಳೂರಲ್ಲಿ, ಚಿಕ್ಕಮ್ಮ ಪುಣೆಯಲ್ಲಿ. ಅವರ ಮಕ್ಕಳಿಗೆ ರಜೆ ಬೇರೆ ಸಮಯಕ್ಕೆ. ಶಿರಸಿ ಸುತ್ತಲಿನ ತೋಟದ ಮನೆಗಳಲ್ಲಿ ಈಗ ರಜೆ ಅಂದರೆ ಎಷ್ಟೋ ಸಲ ಇಬ್ಬರು ವಯಸ್ಸಾದವರು, ಒಂದು ಮಗು, ಒಂದು ಮೊಬೈಲು. ಮೊಬೈಲಿಗೆ ಬೈಯುವುದು ಸುಲಭ. ಪಕ್ಕದ ಮನೆಗೆ ಅರ್ಧ ಕಿಲೋಮೀಟರ್ ನಡೆಯಬೇಕು, ಅಲ್ಲಿ ಹೋದರೂ ಮಕ್ಕಳಿಲ್ಲ ಅಂದರೆ ಹುಡುಗ ಮತ್ತೇನು ಮಾಡಬೇಕು?

ಅಂಥ ಮಗುವಿಗೆ ಶಿಬಿರ ಕೊಡುವ ಮೊದಲ ವಸ್ತು ಬೇರೆ ಮಕ್ಕಳು. ಚಿತ್ರಕಲೆ, ಕರಾಟೆ ಎಲ್ಲ ಆಮೇಲಿನ ಮಾತು.

ಹೆಜ್ಜೆ ಕಲಿಯುವಾಗ ಆಗುವುದು

ನಮ್ಮ ಜಿಲ್ಲೆಯಲ್ಲಿ ರಜೆಯ ಶಿಬಿರ ಅಂದರೆ ಯಕ್ಷಗಾನ ಬಿಟ್ಟು ಮಾತಾಡುವುದು ಹೇಗೆ? ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಇದೆ. ಅವರ ತರಬೇತಿ ಕೇಂದ್ರಕ್ಕೂ ದಶಕಗಳ ಇತಿಹಾಸ ಇದೆ. ಅದಲ್ಲದೆ ಊರೂರಿನ ಸಂಘದವರು ರಜೆಯಲ್ಲಿ ಶಾಲೆಯ ಸಭಾಭವನದಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಹೆಜ್ಜೆ ಕಲಿಸುತ್ತಾರೆ.

ಅಂಥ ಒಂದು ತರಗತಿಯಲ್ಲಿ ಸುಮ್ಮನೆ ಮೂಲೆಯಲ್ಲಿ ಕೂತು ನೋಡಿ. ಮೊದಲ ಎರಡು ಮೂರು ದಿನ ಎಲ್ಲರ ಕಣ್ಣೂ ತಮ್ಮ ಕಾಲಿನ ಮೇಲೆ. ಎಡಗಾಲು ಬೀಳಬೇಕಾದಲ್ಲಿ ಬಲಗಾಲು. ಗುರುಗಳು ಮದ್ದಲೆ ನಿಲ್ಲಿಸಿ, "ತಮಾ, ಕಾಲು ನೋಡಡ, ಮದ್ದಲೆ ಕೇಳು" ಅನ್ನುತ್ತಾರೆ. ಹುಡುಗ ತಲೆ ಎತ್ತುತ್ತಾನೆ, ಮತ್ತೆ ತಪ್ಪುತ್ತಾನೆ, ಮತ್ತೆ ಕಾಲು ನೋಡುತ್ತಾನೆ. ಹಿಂದಿನ ವರ್ಷ ಕಲಿತ ಹುಡುಗಿ ಪಕ್ಕಕ್ಕೆ ಬಂದು ನಿಂತು ಬಾಯಲ್ಲಿ ತಾಳ ಹೇಳಿಕೊಡುತ್ತಾಳೆ. ವಾರ ಕಳೆಯುವಾಗ ಅವನ ಕಾಲು ತಾನಾಗಿ ಬೀಳುತ್ತದೆ. ಏಳರ ಮಗ್ಗಿಗೆ ತಡವರಿಸುವವನು ತ್ರಿವುಡೆ ತಾಳದ ಏಳಕ್ಷರವನ್ನು ತೊಡೆ ತಟ್ಟಿ ಎಣಿಸುತ್ತಾನೆ.

ಇಲ್ಲಿ ಆದದ್ದು ಏನು? ಶಾಲೆಯಲ್ಲಿ ತಪ್ಪು ಅಂದರೆ ಕೆಂಪು ಗೆರೆ. ಅದು ಅಂಕಪಟ್ಟಿಗೆ ಹೋಗಿ ಕೂರುತ್ತದೆ. ಹೆಜ್ಜೆಯಲ್ಲಿ ತಪ್ಪು ಅಂದರೆ ಇನ್ನೊಮ್ಮೆ ಮಾಡು ಅಂತ, ಅಷ್ಟೇ. ಎಲ್ಲರೆದುರು ತಪ್ಪಿದರೂ ಏನೂ ಮುಳುಗಿಹೋಗುವುದಿಲ್ಲ ಅಂತ ಮಗುವಿಗೆ ಗೊತ್ತಾಗುತ್ತದೆ. ಆಮೇಲೆ, ತನಗಿಂತ ಎರಡು ವರ್ಷ ದೊಡ್ಡವರಿಂದ ಕಲಿಯುವುದು ಮತ್ತು ಎರಡು ವರ್ಷ ಚಿಕ್ಕವರಿಗೆ ಕಲಿಸುವುದು. ವಯಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವ ಶಾಲೆಯಲ್ಲಿ ಇದಕ್ಕೆ ಜಾಗ ಕಡಿಮೆ. ಕೊನೆಗೆ ಒಂದು ಪ್ರದರ್ಶನ. ದಿನ ನಿಗದಿಯಾಗಿದೆ, ಊರವರು ಬರುತ್ತಾರೆ, ನಾನು ತಪ್ಪಿಸಿಕೊಂಡರೆ ಪ್ರಸಂಗವೇ ನಿಲ್ಲುತ್ತದೆ. ಆ ಜವಾಬ್ದಾರಿ ಹೋಂವರ್ಕ್‌ನಿಂದ ಬರುವಂಥದ್ದಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳು ಹೊಸಬರಿಗೆ ಮೀಸಲು. ಪ್ರಸಂಗ ಶುರುವಾಗುವ ಮೊದಲೇ ಅವರ ಸರದಿ, ಜನ ಇನ್ನೂ ಕಂಬಳಿ ಹಾಸುತ್ತಾ ಇರುವಾಗ. ತಪ್ಪಿದರೆ ಯಾರೂ ಗಮನಿಸುವುದಿಲ್ಲ. ಕಲಿಯುವವರಿಗೆ ಆಟದ ಒಳಗೇ ಇಂಥ ಜಾಗ ಬಿಟ್ಟವರು ಯಾವ ಶಿಕ್ಷಣ ತಜ್ಞರಿಗೂ ಕಡಿಮೆಯವರಲ್ಲ.

ಇದನ್ನು ಹೇಳುವಾಗ ಹದಿನೈದು ದಿನದಲ್ಲಿ ಎಂಟು ವಿದ್ಯೆ ಕಲಿಸುವ ಶಿಬಿರಗಳ ಬಗ್ಗೆ ನನ್ನ ಅಸಮಾಧಾನ ಮುಚ್ಚಿಡಲಾರೆ. ಸೋಮವಾರ ಕ್ಲೇ, ಮಂಗಳವಾರ ಮ್ಯಾಜಿಕ್, ಬುಧವಾರ ವೇದಗಣಿತ. ಯಾವುದರಲ್ಲೂ ಮಗು ಕಾಲು ನೋಡುವ ಹಂತ ದಾಟುವುದಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ, ಅದು ನಿಜ.

ಕಲಿಸುವವರು ಪದವಿ ಪಡೆದವರೇ ಆಗಬೇಕು ಅಂತಲೂ ಇಲ್ಲ. ಪದ್ಮಶ್ರೀ ಪಡೆದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜ ಯಾವಾಗ ಹೆಕ್ಕಬೇಕು, ಹೇಗೆ ಮೊಳಕೆ ಬರಿಸಬೇಕು ಅಂತ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದೇ ತಿಳಿದವರು. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರನ್ನು ಕರೆದು ಮಕ್ಕಳೆದುರು ನಿಲ್ಲಿಸಿ ನೋಡಿ. ಯಾವ ಕೆಸರಲ್ಲಿ ಕಾಲಿಡಬೇಕು, ಎಷ್ಟು ಚಿಕ್ಕದನ್ನು ಬಿಟ್ಟುಬಿಡಬೇಕು ಅನ್ನುವುದು ಅವರಿಗೆ ಅಂಗೈ ಮೇಲಿನ ಗೆರೆ.

ಒಂದು ಹಗ್ಗದ ಕತೆ

ಮಕ್ಕಳನ್ನು ಒಟ್ಟು ಸೇರಿಸಿದ ಮಾತ್ರಕ್ಕೆ ಸ್ನೇಹ ಬೆಳೆಯುತ್ತದೆ ಅಂತ ಅಂದುಕೊಳ್ಳಬೇಡಿ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಒಂದು ಬೇಸಿಗೆ ಶಿಬಿರವನ್ನೇ ಪ್ರಯೋಗ ಮಾಡಿದರು. ಹನ್ನೊಂದು ಹನ್ನೆರಡು ವರ್ಷದ 22 ಹುಡುಗರು, ಎರಡು ಗುಂಪು. ಪಂದ್ಯ ಇಟ್ಟರು, ಬಹುಮಾನ ಇಟ್ಟರು. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಒಬ್ಬರ ಮೇಲೊಬ್ಬರು ಊಟವನ್ನೇ ಎಸೆದರು.

ಜಗಳ ಕರಗಿದ್ದು ಒಂದು ಗುಂಪಿನಿಂದಲೇ ಆಗದ ಕೆಲಸ ಎದುರಾದಾಗ. ನೀರಿನ ಪೂರೈಕೆ ನಿಂತಿತು, ಎಲ್ಲರೂ ಸೇರಿ ಹುಡುಕಬೇಕಾಯಿತು. ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗಲಿಲ್ಲ. ಪಂದ್ಯದಲ್ಲಿ ಎದುರುಬದುರು ನಿಂತು ಎಳೆದಾಡಿದ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಎರಡೂ ಗುಂಪು ಒಂದೇ ಕಡೆಗೆ ಎಳೆದವು. ಈ ಪ್ರಯೋಗದ ಮೇಲೆ ಟೀಕೆ ಬೇಕಾದಷ್ಟಿದೆ. ಜಗಳ ಹಚ್ಚಿದ್ದೇ ಸಂಶೋಧಕರು, ಮಕ್ಕಳಿಗೆ ಏನು ನಡೆಯುತ್ತಿದೆ ಅಂತ ಹೇಳಿರಲೂ ಇಲ್ಲ. ಈಗಾದರೆ ಯಾರೂ ಅನುಮತಿ ಕೊಡಲಿಕ್ಕಿಲ್ಲ. ಆದರೂ ಶಿಬಿರ ನಡೆಸುವವರು ಇದನ್ನು ತಿಳಿದಿರಬೇಕು.

ಕಾರವಾರವನ್ನೇ ನೋಡಿ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು, ಕನ್ನಡ ಆಡುವ ಮಕ್ಕಳು, ಸೀಬರ್ಡ್ ನೌಕಾನೆಲೆಗೂ ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ ಬಂದ ಬೇರೆ ರಾಜ್ಯದವರ ಹಿಂದಿ ಆಡುವ ಮಕ್ಕಳು. ಶಾಲೆ ಬೇರೆ, ಬಸ್ಸು ಬೇರೆ, ಕಾಲೊನಿ ಬೇರೆ. ಒಂದೇ ಊರಲ್ಲಿದ್ದರೂ ಒಬ್ಬರಿಗೊಬ್ಬರು ಸಿಗುವುದು ಟಾಗೋರ್ ಕಡಲತೀರದಲ್ಲಿ ಐಸ್‌ಕ್ರೀಮ್ ತಿನ್ನುವಾಗ ಮಾತ್ರ. ರಜೆಯಲ್ಲಿ ಇವರನ್ನೆಲ್ಲ ಸೇರಿಸಿ ಗುಂಪು ಮಾಡಿ ಕ್ವಿಜ್ ಇಟ್ಟರೆ ಮತ್ತದೇ ಶಾಲೆಯ ಪೈಪೋಟಿ. ಎಲ್ಲರೂ ಸೇರಿ ಒಂದು ನಾಟಕ ಕಟ್ಟಲಿ. ಒಬ್ಬಳಿಗೆ ಮಾತು ಬರುತ್ತದೆ, ಒಬ್ಬನಿಗೆ ಬಣ್ಣ ಬರುತ್ತದೆ, ಇನ್ನೊಬ್ಬ ಪರದೆ ಕಟ್ಟುವುದರಲ್ಲಿ ಗಟ್ಟಿಗ. ರಂಗಮಂಚ ಅಂದರೆ ಯಾರನ್ನೂ ಬಿಟ್ಟು ನಡೆಯದ ಕೆಲಸ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ವರ್ಷವರ್ಷ ಮಕ್ಕಳನ್ನು ಎಳೆಯುವುದಕ್ಕೆ ಇದೂ ಒಂದು ಕಾರಣ ಇರಬೇಕು.

ನೀರು

ನಮ್ಮ ಜಿಲ್ಲೆಯ ಎಲ್ಲಾ ಶಿಬಿರದಲ್ಲೂ ಇರಬೇಕಾದ ಒಂದೇ ವಿಷಯ ಆರಿಸಿ ಅಂದರೆ ನಾನು ನೀರನ್ನು ಆರಿಸುತ್ತೇನೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಜೊತೆಗೆ ಇಷ್ಟುದ್ದ ಸಮುದ್ರ. ರಜೆ ಬಂದರೆ ಮಕ್ಕಳು ನೀರಿಗೆ ಇಳಿಯುವವರೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವುದು ಮೂರನೆಯದು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು, ನೀರಿನ ಎಚ್ಚರ, ಸುರಕ್ಷಿತವಾಗಿ ರಕ್ಷಿಸುವ ಕ್ರಮ ಕಲಿಸಿ ಅಂತ ಆ ಸಂಸ್ಥೆ ಹೇಳುತ್ತಲೇ ಇದೆ.

ಕರಾವಳಿಯ ಮೀನುಗಾರರ ಮಕ್ಕಳಿಗೆ ಸಮುದ್ರ ಗೊತ್ತು. ತೊಂದರೆ ಆಗುವುದು ಜಾಸ್ತಿ ಗೊತ್ತಿಲ್ಲದವರಿಗೆ. ಘಟ್ಟದ ಮೇಲಿಂದ ನೆಂಟರ ಮನೆಗೆ ಬಂದ ಹುಡುಗ ಹೊಳೆಯ ಗುಂಡಿಯಲ್ಲಿ ಈಜಿದ ಧೈರ್ಯದಲ್ಲಿ ಸಮುದ್ರಕ್ಕೆ ಇಳಿಯುತ್ತಾನೆ. ಅಲೆಗಳು ದಡಕ್ಕೆ ತಂದ ನೀರು ಅಲ್ಲಲ್ಲಿ ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ವಾಪಸ್ ಹೋಗುತ್ತದೆ. ಆ ಸೆಳೆತಕ್ಕೆ ಸಿಕ್ಕವನು ಎದುರು ಈಜಿ ದಡ ಸೇರಲು ನೋಡುತ್ತಾನೆ, ಸುಸ್ತಾಗಿ ಮುಳುಗುತ್ತಾನೆ. ಗಾಬರಿಯಾಗದೆ ತೇಲುತ್ತಾ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಸೆಳೆತ ಸಡಿಲವಾಗುವ ಜಾಗ ಸಿಗುತ್ತದೆ. ಇನ್ನೊಂದು, ಮುಳುಗುತ್ತಿರುವವರನ್ನು ಕಂಡರೆ ಮಕ್ಕಳು ನೀರಿಗೆ ಹಾರಬಾರದು. ಖಾಲಿ ಕ್ಯಾನ್, ಹಗ್ಗ, ಉದ್ದನೆಯ ಕೋಲು, ಏನು ಕೈಗೆ ಸಿಕ್ಕಿತೋ ಅದನ್ನು ಕೊಟ್ಟು ಕೂಗಿ ಜನ ಸೇರಿಸಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಹೇಳಿಕೊಡಲು ಒಂದು ಬೆಳಿಗ್ಗೆ ಸಾಕು. ಈಜು ಬಾರದ ಮಕ್ಕಳಿಗೆ ತೇಲುವುದು ಕಲಿಸಲು ಇನ್ನೂ ಕೆಲವು ದಿನ, ಸೊಂಟದ ನೀರು, ಮತ್ತು ಕಣ್ಣು ಮಿಟುಕಿಸದೆ ಕಾಯುವ ದೊಡ್ಡವರು ಬೇಕು.

ಊಟ, ಬಸ್ಸು, ಕೂಲಿ

ಈಗ ಬ್ಯಾನರ್ ಓದದವರ ವಿಷಯ. ಸರ್ಕಾರಿ ಶಾಲೆಯ ಮಗುವಿಗೆ ಶಾಲೆ ಅಂದರೆ ಬಿಸಿಯೂಟ ಕೂಡ. ರಜೆಯಲ್ಲಿ ಅದು ನಿಲ್ಲುತ್ತದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿತ್ತು. 2024ರ ಬೇಸಿಗೆಯಲ್ಲಿ ಕರ್ನಾಟಕದ ಬರ ತಾಲೂಕುಗಳ ಶಾಲೆಗಳಲ್ಲಿ ಹಾಗೆ ಊಟ ನಡೆಯಿತು. ಇಂಗ್ಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಶಾಲೆಯಲ್ಲಿ ಉಚಿತ ಊಟ ಪಡೆಯುವ ಮಕ್ಕಳಿಗೆ ರಜೆಯಲ್ಲಿ ಆಟ-ಚಟುವಟಿಕೆ ಮತ್ತು ಊಟ ಎರಡನ್ನೂ ಒಟ್ಟಿಗೆ ಕೊಡುವ ಯೋಜನೆ ಅದು. 2018ರಲ್ಲಿ ಕೆಲವು ಕಡೆ ಶುರುವಾಗಿ 2021ರಿಂದ ಇಡೀ ಇಂಗ್ಲೆಂಡಿಗೆ ಹಬ್ಬಿತು. ಆಟ ಬೇರೆ ಇಲಾಖೆ, ಊಟ ಬೇರೆ ಇಲಾಖೆ ಅಂತ ಮಾಡದೆ ಒಂದೇ ಕಡೆ ಇಟ್ಟದ್ದು ಜಾಣತನ. ಹಸಿದ ಮಗು ಶಿಬಿರದಲ್ಲಿ ಕೂರುವುದಿಲ್ಲ, ಊಟ ಇದ್ದರೆ ಬಂದೇ ಬರುತ್ತದೆ.

ಬಸ್ಸಿನ ಕತೆ ಇನ್ನೂ ವಿಚಿತ್ರ. ವಿದ್ಯಾರ್ಥಿ ಪಾಸು ಸಾಮಾನ್ಯವಾಗಿ ಹತ್ತು ತಿಂಗಳದ್ದು, ಬೇಸಿಗೆ ರಜೆಗೆ ನಡೆಯುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಬಸ್ಸು ವರ್ಷವಿಡೀ ಉಚಿತ, ಅವರ ತಮ್ಮನಿಗೆ ಟಿಕೆಟ್. ಅದೂ ಬಸ್ಸು ಇರುವ ಊರಾದರೆ. ಜೋಯಿಡಾದ ಕುಣಬಿ ಹಾಡಿಯಿಂದಲೋ ಯಲ್ಲಾಪುರದ ಸಿದ್ದಿ ಕೇರಿಯಿಂದಲೋ ಪೇಟೆಯ ಶಿಬಿರಕ್ಕೆ ಬರುವುದು ಆಗದ ಮಾತು. ಶಿಬಿರವೇ ಅಲ್ಲಿಗೆ ಹೋಗಬೇಕು. ಇದಕ್ಕೆ ಈಗ ಇರುವ ಒಳ್ಳೆಯ ಜಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರಲ್ಲ, ಅವು. ಮಕ್ಕಳಿಗೆ ಸದಸ್ಯತ್ವ ಉಚಿತ. ಇತ್ತೀಚಿನ ಬೇಸಿಗೆಗಳಲ್ಲಿ ಅಲ್ಲೇ ಶಿಬಿರಗಳೂ ನಡೆದಿವೆ. ಮೇಲ್ವಿಚಾರಕರು ಆಸಕ್ತಿಯವರಾದರೆ ಕೇರಂ ಬೋರ್ಡು, ನಾಲ್ಕು ಕಪಾಟು ಪುಸ್ತಕದಲ್ಲೇ ರಜೆ ಬೇರೆಯಾಗುತ್ತದೆ. ಆಸಕ್ತಿ ಇಲ್ಲದಿದ್ದರೆ ಉದ್ಘಾಟನೆ, ಬಾಳೆಹಣ್ಣು, ಫೋಟೋ, ಮುಗಿಯಿತು.

ಕೂಲಿಯ ಮಾತು ಸ್ವಲ್ಪ ಸೂಕ್ಷ್ಮ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ. ಆದರೆ ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕಸುಬಿನಲ್ಲಿ ತಮ್ಮ ಮನೆಯವರಿಗೆ ಸಹಾಯ ಮಾಡಬಹುದು. ಅಜ್ಜಿಯ ಜೊತೆ ಗೇರುಬೀಜ ಹೆಕ್ಕುವುದು ಸಹಾಯ. ಬಂದರಿನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಬೇರೆಯವರ ಮೀನಿನ ಬುಟ್ಟಿ ಹೊತ್ತರೆ ಅದು ದುಡಿತ. ಕೆಲವು ಮಕ್ಕಳು ಜೂನ್‌ನಲ್ಲಿ ವಾಪಸ್ ಶಾಲೆಗೆ ಬರದಿರಲು ಇದೂ ಕಾರಣ. ಕೈಗೆ ಕಾಸು ಸಿಕ್ಕ ಮೇಲೆ ಬೆಂಚು ಬೇಡವಾಗುತ್ತದೆ. ಊರಲ್ಲೇ ಶಿಬಿರ ಇದ್ದರೆ ಮಗು ಎಲ್ಲಿದೆ ಅಂತ ಕೇಳುವ ಒಬ್ಬರಾದರೂ ಇರುತ್ತಾರೆ.

ಹತ್ತನೇ ತರಗತಿ ಮುಗಿಸಿದವರನ್ನು ನಾವು ಮರೆಯುತ್ತೇವೆ. ಅವರಿಗೆ ಎಲ್ಲರಿಗಿಂತ ಉದ್ದ ರಜೆ, ಕೆಲಸ ಮಾತ್ರ ಏನೂ ಇಲ್ಲ. ಚಿಕ್ಕವರ ಶಿಬಿರದಲ್ಲಿ ಅವರನ್ನು ಸಹಾಯಕರಾಗಿ ಸೇರಿಸಿ, ದಾರಿಖರ್ಚಿಗೆ ಒಂದಿಷ್ಟು ಕೊಡಿ. ಹದಿನೈದು ವರ್ಷದವರಿಗೆ ತಮ್ಮನ್ನು ಯಾರೋ ನಂಬಿದ್ದಾರೆ ಅನ್ನುವುದಕ್ಕಿಂತ ದೊಡ್ಡ ತರಬೇತಿ ನನಗೆ ಹೊಳೆಯುವುದಿಲ್ಲ.

ಕಳಿಸುವ ಮುಂಚೆ

ಪಾಲಕರು ಕೇಳಬೇಕಾದದ್ದನ್ನು ನಾಚಿಕೆ ಬಿಟ್ಟು ಕೇಳಬೇಕು. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ಅವರು ಯಾರು, ಯಾರ ಪರಿಚಯದವರು? ಒಬ್ಬ ದೊಡ್ಡವರ ಜೊತೆ ಒಂದೇ ಮಗು ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭ ಬರುತ್ತದಾ? ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ? ಕೇಳಿದ್ದಕ್ಕೆ ಸಿಟ್ಟಾಗುವವರಿದ್ದರೆ ಬೇರೆ ಶಿಬಿರ ನೋಡಿ. ಏನಾದರೂ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು ಅನ್ನುವುದು ಮಗುವಿಗೂ ಗೊತ್ತಿರಲಿ.

ಸಿದ್ದಾಪುರದ ಕಡೆ ಕಾಡಿನ ಚಾರಣ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆಯ ಕಾಲ ಮೇ ತನಕ ಇರುತ್ತದೆ. ಉಣುಗು ಕಚ್ಚುವುದರಿಂದ ಬರುವ ರೋಗ ಅದು. ಸತ್ತ ಮಂಗ ಕಂಡ ಸುದ್ದಿ ಇರುವ ಕಾಡಿಗೆ ಮಕ್ಕಳನ್ನು ಒಯ್ಯಬೇಡಿ. ಬೇರೆ ಕಡೆ ಹೋದರೂ ಮೈತುಂಬ ಬಟ್ಟೆ ಇರಲಿ, ವಾಪಸ್ ಬಂದು ಬಿಸಿನೀರು ಸ್ನಾನ ಆಗಲಿ.

ಊರಲ್ಲಿ ಶಿಬಿರವೇ ಇಲ್ಲ ಅನ್ನುವವರು ಏಪ್ರಿಲ್‌ನಲ್ಲಿ ಹೇಳಿದರೆ ತಡವಾಗುತ್ತದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆಯುತ್ತದೆ. ಅಲ್ಲಿ ಮಕ್ಕಳು ಶಾಲೆಯ ಕಾಂಪೌಂಡು, ಶೌಚಾಲಯ, ಬಸ್ಸು ಕೇಳುತ್ತಾರೆ. ಈ ಸಲ ರಜೆಯನ್ನೂ ಕೇಳಲಿ: ಇಂಥ ದಿನದಿಂದ ಇಂಥ ದಿನದ ತನಕ ಗ್ರಂಥಾಲಯ ತೆರೆದಿರಬೇಕು, ಮಧ್ಯಾಹ್ನ ಊಟ ಇರಬೇಕು, ಹೆಜ್ಜೆ ಕಲಿಸಲು ಪಕ್ಕದ ಊರಿನ ಗುರುಗಳನ್ನು ಕರೆಸಬೇಕು, ದೂರದ ಮಜರೆಯವರಿಗೆ ಒಂದು ಟೆಂಪೋ ಬೇಕು ಅಂತ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಲಿ.